ಮಾರಾದ ಟೆಂಟಿನಿಂದ ಜಾಂಜಿಬಾರಿನ ಮಹಡಿವರೆಗೆ: ಊಟದ ಬಗ್ಗೆ ಸೀನನಿಗೊಂದು ಪತ್ರ

ಪ್ರೀತಿಯ ಸೀನ,

ನಿನ್ನ ಮೆಸೇಜು ಓದಿದೆ. ಮದುವೆಯಾಗಿ 25 ವರ್ಷ ಆಯ್ತು ಅಂತ ಕೀನ್ಯಾ, ಅಲ್ಲಿಂದ ಟಾಂಜಾನಿಯಾದ ಜಾಂಜಿಬಾರ್ ದ್ವೀಪ. ತುಂಬಾ ಖುಷಿಯಾಯ್ತು ಕಣೋ. ಹೋಗಲೇಬೇಕು. ಸಿಂಹ, ಚಿರತೆ ಬಗ್ಗೆ ನೀನು ಏನೂ ಕೇಳಲಿಲ್ಲ, ಕೇಳಿದ್ದೆಲ್ಲಾ ಊಟದ ವಿಷಯ. ಅತ್ತಿಗೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ರೆಡಿಮೇಡ್ ಉಪ್ಪಿಟ್ಟು, ಅವಲಕ್ಕಿ ಪ್ಯಾಕೆಟ್ ಎಷ್ಟು ತಗೊಂಡು ಹೋಗಬೇಕು, ಇಲ್ಲಾಂದ್ರೆ ಅಡುಗೆಯವರನ್ನೇ ಜೊತೆಗೆ ಕರೆದುಕೊಂಡು ಹೋಗುವ ಟೂರ್ ಕಂಪನಿ ಹಿಡಿಯಲಾ ಅಂತ. ಇನ್ನೂ ಕೆಲವರು ಇದನ್ನೇ ಕೇಳಿದ್ದಾರೆ. ಅದಕ್ಕೆ ಎಲ್ಲರಿಗೂ ಕಾಣುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ಎರಡೂ ಬೇಡ. ಅಷ್ಟು ದುಡ್ಡು ಕೊಟ್ಟು ಕೀನ್ಯಾದ ಮಸಾಯಿ ಮಾರಾ ವನ್ಯಧಾಮಕ್ಕೆ ಹೋಗಿ, ನದಿಯಲ್ಲಿ ನೀರಾನೆಗಳು ಗುರುಗುಟ್ಟುತ್ತಿರುವಾಗ ಪನೀರ್ ಬಟರ್ ಮಸಾಲ ತಿಂದು ಬರುವುದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಆ ನೆಲದಲ್ಲಿ ಸಸ್ಯಾಹಾರಿಗೆ ಬೇಕಾದಷ್ಟು ಅಡುಗೆ ಇದೆ. ತೊಂದರೆ ಏನು ಗೊತ್ತಾ? ದುಬಾರಿ ಲಾಡ್ಜುಗಳು ಅದನ್ನು ತಾವಾಗಿಯೇ ಮೇಜಿಗೆ ತರುವುದು ಕಡಿಮೆ. ಕೇಳಬೇಕು. ಹೋಗುವ ಮೊದಲೇ ಕೇಳಬೇಕು. ಈ ಪತ್ರದಲ್ಲಿ ನಾನು ಹೇಳಬೇಕಾಗಿರುವುದು ಅದನ್ನೇ.

ಮೊದಲು ಅಲ್ಲಿ ದಿನ ಹೇಗೆ ನಡೆಯುತ್ತದೆ ಅಂತ ತಿಳಿದುಕೋ. ಬೆಳಗಿನ ಜಾವ ಐದೂವರೆ ಸುಮಾರಿಗೆ ಟೆಂಟಿನ ಹೊರಗಿನಿಂದ ಕೂಗಿ ಎಬ್ಬಿಸುತ್ತಾರೆ, ಕೈಗೆ ಬಿಸಿ ಕಾಫಿ, ಬಿಸ್ಕತ್ತು. ನೀನು ಚಿಕ್ಕಮಗಳೂರಿನವನು, ಆ ಕಾಫಿಗೆ ಗಮನ ಕೊಡು. ಕೀನ್ಯಾದ ಕಾಫಿ ಸೀಮೆ ನ್ಯೇರಿ ಕಡೆಯ ಬೀಜ ಆಗಿದ್ದರೆ ಚಿಕೋರಿಯ ಸುಳಿವೇ ಇರುವುದಿಲ್ಲ, ಹಣ್ಣಿನ ಹುಳಿ ಎದ್ದು ಕಾಣುತ್ತದೆ, ಹಾಲು ಹಾಕದೆ ಒಂದು ಸಲ ಕುಡಿದು ನೋಡು. ಬೆಳಕು ಹರಿಯುವ ಹೊತ್ತಿಗೆ ಜೀಪು ಹೊರಡುತ್ತದೆ. ಮೂರ್ನಾಲ್ಕು ಗಂಟೆ ಸುತ್ತಾಡಿದ ಮೇಲೆ ಯಾವುದೋ ಅಕೇಶಿಯಾ ಮರದ ಕೆಳಗೆ ಮೇಜು ಹಾಕಿ, ಬಟ್ಟೆ ಹಾಸಿ, ಕೆಂಡದ ಮೇಲೆ ತಿಂಡಿ ಮಾಡಿ ಬಡಿಸುತ್ತಾರೆ. ಮಧ್ಯಾಹ್ನ ಊಟ, ನಾಲ್ಕರ ಸುಮಾರಿಗೆ ಟೀ, ಮತ್ತೆ ಸಫಾರಿ, ಸೂರ್ಯ ಮುಳುಗುವಾಗ ಬಯಲಲ್ಲಿ ಗಾಡಿ ನಿಲ್ಲಿಸಿ ಒಂದು ಪಾನೀಯ, ರಾತ್ರಿ ಮೂರೋ ನಾಲ್ಕೋ ಕೋರ್ಸಿನ ಊಟ. ಊಟ ಮುಗಿದ ಮೇಲೆ ಕಾವಲುಗಾರ ಟಾರ್ಚ್ ಹಿಡಿದು ಟೆಂಟಿನವರೆಗೆ ಬಿಟ್ಟು ಬರುತ್ತಾನೆ, ಯಾಕೆಂದರೆ ಎಷ್ಟೋ ಕ್ಯಾಂಪುಗಳಿಗೆ ಬೇಲಿ ಇರುವುದಿಲ್ಲ.

ಈ ಬಿಳಿ ಬಟ್ಟೆ ಹಾಸಿದ ಮೇಜಿನ ಸಂಪ್ರದಾಯ ಹಳೆಯದು. ಬೇಟೆಗೆ ಬರುತ್ತಿದ್ದ ಬ್ರಿಟಿಷರು, ಅಮೆರಿಕನ್ನರು ತಮ್ಮ ಮನೆಯ ಊಟವನ್ನು ಕಾಡಿನ ತನಕ ಹೊರಿಸಿಕೊಂಡು ಹೋಗುತ್ತಿದ್ದರು. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಬಂದಾಗ ಅವನ ಸಾಮಾನು ಹೊರಲು ಇನ್ನೂರಕ್ಕೂ ಹೆಚ್ಚು ಆಳುಗಳಿದ್ದರು. ಕೀನ್ಯಾ 1977ರಲ್ಲಿ ಬೇಟೆ ನಿಲ್ಲಿಸಿತು. ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂತು, ಆದರೆ ಊಟದ ಮೆನು ಮಾತ್ರ ಬಹಳ ಕಾಲ ಹಾಗೇ ಉಳಿಯಿತು. ಸೂಪು, ಸ್ಟೇಕು, ಬೇಯಿಸಿದ ತರಕಾರಿ, ಕೊನೆಗೆ ಒಂದು ಪುಡ್ಡಿಂಗ್. ನಾನು ಉಳಿದಿದ್ದ ಒಂದು ಕಡೆ ಸಸ್ಯಾಹಾರಿ ಅಂದಿದ್ದಕ್ಕೆ ಪ್ರತಿ ರಾತ್ರಿ ಬದನೆಕಾಯಿ, ಜುಕಿನಿ ಸುಟ್ಟು ಒಂದರ ಮೇಲೊಂದು ಪೇರಿಸಿ ಕೊಟ್ಟರು. ಚೆನ್ನಾಗಿ ಮಾಡಿದ್ದರು, ಇಲ್ಲ ಅನ್ನಲ್ಲ. ಆದರೆ ಅದನ್ನು ತಿನ್ನಲು ನೈರೋಬಿ ತನಕ ಹೋಗಬೇಕಾಗಿರಲಿಲ್ಲ.

ಅದೇ ಲಾಡ್ಜಿನಲ್ಲಿ ಒಂದು ಮಧ್ಯಾಹ್ನ ಅಡುಗೆಮನೆ ನೋಡಬಹುದಾ ಅಂತ ಕೇಳಿದೆ. ಖುಷಿಯಿಂದ ಕರೆದುಕೊಂಡು ಹೋದರು. ಹಿಂದಿನ ಜಗಲಿಯಲ್ಲಿ ಕೆಲಸದವರ ಊಟ ನಡೆಯುತ್ತಿತ್ತು. ಪದರ ಪದರವಾಗಿ ಬಿಡಿಸಿಕೊಳ್ಳುವ ಮೈದಾ ಚಪಾತಿ, ಈರುಳ್ಳಿ ಟೊಮೆಟೊ ಹಾಕಿ ಬೇಯಿಸಿದ ಕೆಂಪು ಹುರುಳಿಕಾಯಿ ಬೀಜ, ಸಣ್ಣಗೆ ಹೆಚ್ಚಿ ಬಾಡಿಸಿದ ಸುಕುಮಾ ವಿಕಿ ಸೊಪ್ಪು, ಬಿಳಿ ಜೋಳದ ಹಿಟ್ಟಿನ ಉಗಾಲಿ. ಬಿಳಿ ಜೋಳ ಅಂದರೆ ನಮ್ಮ ರೊಟ್ಟಿ ಜೋಳ ಅಂದುಕೋಬೇಡ, ಬಿಳಿ ಮೆಕ್ಕೆಜೋಳ. ಉಗಾಲಿ ನಮ್ಮ ರಾಗಿಮುದ್ದೆಯ ಹಾಗೇ, ಕೈಯಲ್ಲಿ ಮುರಿದು ಸೊಪ್ಪಿನ ಜೊತೆ ಬಾಯಿಗೆ ಹಾಕಿಕೊಳ್ಳುವುದು. ನನಗೂ ಒಂದು ತಟ್ಟೆ ಹಾಕಿಕೊಟ್ಟರು. ಅಡುಗೆಯವರು ಪಕ್ಕದಲ್ಲೇ ಕೂತು ಮಾತಾಡಿದರು. ಆ ಇಡೀ ವಾಸದಲ್ಲಿ ಅದಕ್ಕಿಂತ ಒಳ್ಳೆಯ ಊಟ ನನಗೆ ಸಿಗಲಿಲ್ಲ. ಮರುದಿನದಿಂದ ನಮ್ಮ ಮೇಜಿಗೂ ಅದೇ ಬಂತು, ಜೊತೆಗೆ ಆಲೂಗಡ್ಡೆ, ಕಾಳು, ಸೊಪ್ಪು ಕಿವುಚಿ ಮಾಡುವ ಮುಕಿಮೋ. ಕೇಳಿದ್ದೇ ತಡ, ಅವರ ಮುಖ ಅರಳಿತು ಕಣೋ. ತಮ್ಮ ಮನೆ ಅಡುಗೆ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದ ಹಾಗಿತ್ತು.

ಆ ಚಪಾತಿ ಅಲ್ಲಿಗೆ ಹೋದ ದಾರಿಯಲ್ಲಿ ತುಂಬಾ ನೋವಿದೆ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತನಕ ಬ್ರಿಟಿಷರು ರೈಲು ದಾರಿ ಹಾಕಿಸಿದರು. ಅದಕ್ಕಾಗಿ ನಮ್ಮ ದೇಶದಿಂದ ಸುಮಾರು 32,000 ಕೂಲಿಯಾಳುಗಳನ್ನು ಕರೆದುಕೊಂಡು ಹೋದರು, ಹೆಚ್ಚಿನವರು ಪಂಜಾಬಿನವರು. 2,500ರಷ್ಟು ಜನ ಅಲ್ಲೇ ಸತ್ತರು. ಉಳಿದುಕೊಂಡವರ ಜೊತೆಗೆ, ಅಂಗಡಿ ಇಡಲು ಹೋದ ಗುಜರಾತಿಗಳ ಜೊತೆಗೆ, ಚಪಾತಿ, ಸಮೋಸ, ಬಜ್ಜಿ ಎಲ್ಲಾ ಅಲ್ಲಿನ ಮನೆಗಳಿಗೆ ಸೇರಿದವು. ಇವತ್ತು ಚಪಾತಿ ಇಲ್ಲದ ಹಬ್ಬ ಕೀನ್ಯಾದಲ್ಲಿ ಕಡಿಮೆ. 2017ರಲ್ಲಿ ಅಲ್ಲಿನ ಸರ್ಕಾರ ಭಾರತ ಮೂಲದವರನ್ನು ದೇಶದ 44ನೇ ಬುಡಕಟ್ಟು ಅಂತ ಗುರುತಿಸಿತು. ಹಾಗಾಗಿ ಸಸ್ಯಾಹಾರ ಅಂದರೆ ಕೀನ್ಯಾದ ಅಡುಗೆಯವರಿಗೆ ಹೊಸ ವಿಷಯ ಏನಲ್ಲ. ಅತ್ತಿಗೆಗೆ ಧೈರ್ಯ ಹೇಳು.

ಲಾಡ್ಜುಗಳೂ ಬದಲಾಗುತ್ತಿವೆ. 2015ರಲ್ಲಿ ಶುರುವಾದ ಅಂಗಾಮಾ ಮಾರಾ ಓಲೋಲೋಲೋ ದಿಬ್ಬದ ಅಂಚಿನಲ್ಲಿದೆ, ಕೆಳಗೆ ಇಡೀ ಮಾರಾ ಕಾಣುತ್ತದೆ. ಅಲ್ಲಿ ಅವರದ್ದೇ ತರಕಾರಿ ತೋಟ ಇದೆ. ಕಾಡಿನ ನಡುವೆ ತೋಟ ಮಾಡುವುದು ಸುಲಭದ ಮಾತಲ್ಲ, ಆನೆ, ಬಬೂನ್ ಕೋತಿಗಳಿಂದ ಕಾಯಬೇಕು. ತೋಟ ಇಲ್ಲದ ಕಡೆ ತರಕಾರಿಯೆಲ್ಲಾ ನೈರೋಬಿಯಿಂದ ನಾರೋಕ್ ದಾಟಿ ಲಾರಿಯಲ್ಲಿ ಬರಬೇಕು. ಏಪ್ರಿಲ್, ಮೇ ಮಳೆಯಲ್ಲಿ ಕಾಡಿನೊಳಗಿನ ಮಣ್ಣಿನ ದಾರಿ ಕೆಸರು. ಸೊಪ್ಪು ಬಾಡದೆ ತಟ್ಟೆಗೆ ಬಂದಿದೆ ಅಂದರೆ ಅದರ ಹಿಂದೆ ಎಷ್ಟು ಜನರ ಕೆಲಸ ಇದೆ ಅಂತ ಯೋಚನೆ ಮಾಡು. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಸಿಂಗಿಟಾ ಲಾಡ್ಜಿನವರು 2007ರಿಂದ ಅಡುಗೆ ಶಾಲೆ ನಡೆಸುತ್ತಿದ್ದಾರೆ, ಸುತ್ತಲಿನ ಊರಿನ ಹುಡುಗ ಹುಡುಗಿಯರಿಗೆ ಅಲ್ಲೇ ತರಬೇತಿ. ಇಂಥದ್ದು ಇನ್ನೂ ಜಾಸ್ತಿ ಆಗಬೇಕು. ಆ ನೆಲದ ಮಕ್ಕಳು ಒಲೆಯ ಮುಂದೆ ಯಜಮಾನರಾದರೆ ಆ ನೆಲದ ಅಡುಗೆ ತಾನಾಗಿಯೇ ಮೇಜಿಗೆ ಬರುತ್ತದೆ ಅಂತ ನನಗೆ ಅನಿಸುತ್ತದೆ.

ನಿನ್ನ ದಾರಿಯಲ್ಲಿಲ್ಲ, ಆದರೂ ಒಂದು ಹೆಸರು ಹೇಳಲೇಬೇಕು. ಕೇಪ್‌ಟೌನಿನಿಂದ 150 ಕಿಲೋಮೀಟರ್ ದೂರದಲ್ಲಿ ಪಟೆರ್ನಾಸ್ಟರ್ ಅಂತ ಮೀನುಗಾರರ ಹಳ್ಳಿ. ಅಲ್ಲಿ ಕಡಲಿಗೆ ಮುಖ ಮಾಡಿರುವ ಒಂದು ಹಳೆಯ ಮನೆಯಲ್ಲಿ ವುಲ್ಫ್‌ಗಾಟ್ ಅಂತ ಹೋಟೆಲು, ಒಂದು ಸಲಕ್ಕೆ ಇಪ್ಪತ್ತು ಜನಕ್ಕೆ ಮಾತ್ರ ಊಟ. ಕೋಬಸ್ ವ್ಯಾನ್ ಡೆರ್ ಮರ್ವ ಅಡುಗೆಯ ಮುಖ್ಯಸ್ಥ. ದಡದಲ್ಲಿ ತಾನಾಗಿ ಬೆಳೆಯುವ ಸೊಪ್ಪು, ಕಡಲ ಪಾಚಿ, ಹತ್ತಿರದಲ್ಲೇ ಸಿಕ್ಕ ಮೀನು, ಚಿಪ್ಪು. ಜೊತೆಗೆ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಅದೇ ಊರಿನ ಹೆಂಗಸರು, ಯಾವ ಅಡುಗೆ ಕಾಲೇಜಿಗೂ ಹೋದವರಲ್ಲ. 2019ರಲ್ಲಿ ಪ್ಯಾರಿಸ್ಸಿನಲ್ಲಿ ವರ್ಲ್ಡ್ ರೆಸ್ಟೋರೆಂಟ್ ಅವಾರ್ಡ್ಸ್ ಕೊಟ್ಟಾಗ ವರ್ಷದ ಹೋಟೆಲು ಅಂತ ಆರಿಸಿದ್ದು ಇದನ್ನೇ. ಸ್ಟೇಕು, ಷಾಂಪೇನು ಇಲ್ಲದೆ, ಊರಿನ ಸೊಪ್ಪು, ಮೀನಿನಿಂದಲೇ ಆ ಮಟ್ಟ ಮುಟ್ಟಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ಜಾಂಜಿಬಾರ್. ಅಲ್ಲಿ ನಿನಗೆ ನಿಜವಾದ ಹಬ್ಬ ಕಾದಿದೆ. ಮಾನ್ಸೂನ್ ಗಾಳಿ ಹಿಡಿದು ಹಾಯಿ ಹಡಗುಗಳು ನಮ್ಮ ಪಶ್ಚಿಮ ಕರಾವಳಿ, ಅರಬ್ ದೇಶ, ಆಫ್ರಿಕಾ ಮಧ್ಯೆ ಶತಮಾನಗಳ ಕಾಲ ಓಡಾಡಿದವು. ಆಮೇಲಿನ ಕಾಲದಲ್ಲಿ ಮಂಗಳೂರು ಹೆಂಚೂ ಆಫ್ರಿಕಾದ ಆ ಕರಾವಳಿಗೆ ಹೋಯ್ತು. ಒಮಾನಿನ ಸುಲ್ತಾನ ಸಯ್ಯಿದ್ ಸಯೀದ್ 1840ರ ಸುಮಾರಿಗೆ ತನ್ನ ರಾಜಧಾನಿಯನ್ನೇ ಮಸ್ಕತ್ತಿನಿಂದ ಜಾಂಜಿಬಾರಿಗೆ ತಂದ. ಲವಂಗದ ತೋಟಗಳು ಬೆಳೆದವು, ಗುಲಾಮರ ದುಡಿಮೆಯ ಮೇಲೆ ಬೆಳೆದವು ಅನ್ನೋದನ್ನು ಅಲ್ಲಿ ನಿಂತಾಗ ಮರೆಯಬೇಡ. ಇಷ್ಟೆಲ್ಲಾ ಸೇರಿ ಆದದ್ದು ಆ ಕರಾವಳಿಯ ಸ್ವಾಹಿಲಿ ಜನರ ಅಡುಗೆ: ತೆಂಗಿನ ಹಾಲು, ಹುಣಸೆ, ಏಲಕ್ಕಿ, ಲವಂಗ, ಶುಂಠಿ. ಕರಾವಳಿಯ ಅಡುಗೆ ಉಂಡು ಬೆಳೆದ ಅತ್ತಿಗೆಗೆ ಇದರಲ್ಲಿ ಅಪರಿಚಿತ ಅನಿಸುವುದು ಏನೂ ಇಲ್ಲ.

ಬೆಳಿಗ್ಗೆ ರೆಸಾರ್ಟಿನವರು ಪ್ಯಾನ್‌ಕೇಕ್, ಕ್ರೊಸಾಂಟ್ ಇಡುತ್ತಾರೆ. ಪಕ್ಕಕ್ಕಿಟ್ಟು ಎಂಬಾಝಿ, ಮಹಮ್ರಿ ಕೇಳು. ಎಂಬಾಝಿ ಅಂದರೆ ನಮ್ಮ ತೊಗರಿಯೇ, ಬೇಳೆ ಮಾಡದ ಇಡೀ ಕಾಳು, ತೆಂಗಿನ ಹಾಲಿನಲ್ಲಿ ಗಟ್ಟಿಯಾಗಿ ಬೇಯಿಸಿದ್ದು. ಮಹಮ್ರಿ ಏಲಕ್ಕಿ, ತೆಂಗಿನ ಹಾಲು ಹಾಕಿ ಹುದುಗಿಸಿದ ಹಿಟ್ಟನ್ನು ಎಣ್ಣೆಯಲ್ಲಿ ಕರಿದದ್ದು, ಒಳಗೆ ಟೊಳ್ಳು, ಸ್ವಲ್ಪ ಸಿಹಿ. ಕಾಳನ್ನು ಅದರೊಳಗೆ ತುಂಬಿಕೊಂಡು ತಿನ್ನಬೇಕು. ಮಧ್ಯಾಹ್ನ ತೆಂಗಿನ ಹಾಲಿನ ಅನ್ನ, ಅದಕ್ಕೆ ಮ್ಚಿಚಾ ಅಂತ ಒಂದು ಸೊಪ್ಪಿನ ಪಲ್ಯ. ಅದು ಹರಿವೆ ಜಾತಿಯ ಸೊಪ್ಪೇ. ತೆಂಗಿನ ಹಾಲು, ಕೆಲವೊಮ್ಮೆ ಶೇಂಗಾ ಪುಡಿ ಹಾಕಿ ಮಾಡುತ್ತಾರೆ. ಮರಗೆಣಸಿನ ಎಲೆಯದ್ದೂ ಹೀಗೇ ಮಾಡುತ್ತಾರೆ, ಕಿಸಾಮ್ವು ಅಂತ. ನೀನು ಮೀನು ತಿನ್ನುವವನು, ಸಮಾಕಿ ವಾ ಕುಪಾಕಾ ಬಿಡಬೇಡ. ಕೆಂಡದ ಮೇಲೆ ಸುಟ್ಟ ಮೀನಿಗೆ ಹುಣಸೆ, ತೆಂಗಿನ ಹಾಲಿನ ಮಸಾಲೆ ಬಳಿದು ಮತ್ತೆ ಸುಡುತ್ತಾರೆ. ಆ ವಾಸನೆಗೆ ಅರ್ಧ ಹೊಟ್ಟೆ ತುಂಬುತ್ತದೆ.

ಒಂದು ಸಂಜೆ ಜಾಂಜಿಬಾರಿನ ಹಳೇ ಪೇಟೆ ಸ್ಟೋನ್‌ಟೌನಿನಲ್ಲಿ ಇರಲೇಬೇಕು. ಎಮರ್ಸನ್ ಆನ್ ಹುರುಮ್ಜಿ ಹೋಟೆಲಿನ ಮಹಡಿಯ ಮೇಲೆ ಊಟದ ಮನೆ ಇದೆ, ನೆಲದಲ್ಲಿ ದಿಂಬಿನ ಮೇಲೆ ಕೂತು ಉಣ್ಣುವುದು. ಸುತ್ತಲೂ ಮಸೀದಿ, ದೇವಸ್ಥಾನ, ಚರ್ಚಿನ ತಲೆಗಳು, ಆಚೆ ಕಡಲು. ಆ ಕಟ್ಟಡ ಕಟ್ಟಿಸಿದ್ದು ಕಚ್ಛ್ ಕಡೆಯಿಂದ ಹೋಗಿ ಸುಲ್ತಾನರ ಸುಂಕದ ಮುಖ್ಯಸ್ಥನಾದ ಥಾರಿಯಾ ತೋಪನ್. ಮುಂಚೆಯೇ ಜಾಗ ಕಾಯ್ದಿರಿಸು, ಸೂರ್ಯ ಮುಳುಗುವ ಮೊದಲೇ ಹತ್ತು. ಇನ್ನೊಂದು ಸಂಜೆ ಫೊರೊಧಾನಿ ತೋಟದ ಬಯಲು ಅಂಗಡಿಗಳಿಗೆ. ಉರೋಜೋ ಅಂತ ಕೇಳು. ಮಾವಿನಕಾಯಿ, ನಿಂಬೆ ಹುಳಿಯ ಹಳದಿ ಸಾರು, ಅದರಲ್ಲಿ ಆಲೂಗಡ್ಡೆ, ಬಜ್ಜಿ, ಮೇಲೆ ಮರಗೆಣಸಿನ ಚಿಪ್ಸು, ತೆಂಗಿನ ಚಟ್ನಿ. ಮಾಂಸ, ಮೊಟ್ಟೆ ಹಾಕಬೇಡಿ ಅಂತ ಮೊದಲೇ ಹೇಳಬೇಕು. ಕೊನೆಗೆ ಶುಂಠಿ, ನಿಂಬೆ ಹಾಕಿ ಹಿಂಡಿದ ಕಬ್ಬಿನ ಹಾಲು. ರಂಜಾನ್ ತಿಂಗಳಲ್ಲಿ ಹೋಗುವುದಾದರೆ ಹಗಲು ಬೀದಿಯಲ್ಲಿ ತಿನ್ನಬೇಡಿ, ಅವರ ಮನಸ್ಸಿಗೆ ನೋವಾಗುತ್ತದೆ.

ಪೂರ್ವ ದಡದ ಮಿಚಾಮ್ವಿ ಪಿಂಗ್ವೆಯಲ್ಲಿ ದಿ ರಾಕ್ ಅಂತ ಕಡಲೊಳಗಿನ ಬಂಡೆಯ ಮೇಲಿನ ಹೋಟೆಲು, ಎಲ್ಲರೂ ಫೋಟೋ ಹಾಕುತ್ತಾರಲ್ಲ, ಅದೇ. ಭರತ ಇದ್ದರೆ ದೋಣಿಯಲ್ಲಿ ಹೋಗಬೇಕು, ಇಳಿತ ಇದ್ದರೆ ನಡೆದೇ ಹೋಗಬಹುದು. ಆ ದಡದಲ್ಲಿ ನೀರು ಬಹಳ ದೂರ ಹಿಂದೆ ಸರಿಯುತ್ತದೆ. ಅದಕ್ಕೆ ಅವತ್ತಿನ ಭರತ ಇಳಿತದ ಹೊತ್ತು ರೆಸಾರ್ಟಿನಲ್ಲಿ ಕೇಳಿಕೊಂಡೇ ಹೊರಡು. ಜಾಗ ಅದ್ಭುತ. ಊಟಕ್ಕೋಸ್ಕರ ಅಂತಾದರೆ ನಾನು ಸ್ಟೋನ್‌ಟೌನಿನ ಮಹಡಿಯನ್ನೇ ಆರಿಸುತ್ತೇನೆ.

ಕೆಲವು ಕೆಲಸದ ಮಾತು. ಬುಕಿಂಗ್ ಮಾಡುವಾಗ ಸುಮ್ನೆ ವೆಜಿಟೇರಿಯನ್ ಅಂತ ಬರೆದರೆ ಸಾಲದು. ಅತ್ತಿಗೆಗೆ ಮಾಂಸ, ಮೀನು, ಮೊಟ್ಟೆ ಬೇಡ, ಸೂಪಿಗೆ ಕೋಳಿ ಬೇಯಿಸಿದ ನೀರು ಬೇಡ, ಹಾಲು ಮೊಸರು ಆಗುತ್ತದೆ ಅಂತ ಬಿಡಿಸಿ ಬರೆ. ಅದರ ಕೆಳಗೇ, ನಿಮ್ಮ ಊರಿನ ಅಡುಗೆ ತಿನ್ನಲು ನಮಗೆ ಆಸೆ ಅಂತ ಒಂದು ಸಾಲು. ತಲುಪಿದ ದಿನವೇ ಮುಖ್ಯ ಅಡುಗೆಯವರನ್ನು ಕಂಡು ಮಾತಾಡಿ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಮಾರಾಕ್ಕೆ ಹೋಗುವ ಚಿಕ್ಕ ವಿಮಾನದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕೆಜಿ ಸಾಮಾನು, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಉಪ್ಪಿಟ್ಟಿನ ಪ್ಯಾಕೆಟ್ಟಿಗೆ ಜಾಗವೇ ಇರಲ್ಲ. ಚಟ್ನಿಪುಡಿ ತಗೊಂಡು ಹೋದರೂ ಟೆಂಟಿನಲ್ಲಿ ಇಡಬೇಡ, ವಾಸನೆಗೆ ಕೋತಿಗಳು ಜಿಪ್ಪನ್ನೇ ಹರಿದು ಒಳಗೆ ಬರುತ್ತವೆ. ಊಟದ ಮನೆಯಲ್ಲಿ ಕೊಟ್ಟರೆ ಅವರೇ ಇಟ್ಟುಕೊಂಡು ಬಡಿಸುತ್ತಾರೆ. ನೀರಿಗೆ ಸ್ಟೀಲ್ ಬಾಟಲಿ ಇರಲಿ, ಕೀನ್ಯಾದ ಸಂರಕ್ಷಿತ ಕಾಡುಗಳಲ್ಲಿ 2020ರಿಂದ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷೇಧ. ಹೊರಡುವ ದಿನ ಟಿಪ್ಸ್ ಕೊಡುವಾಗ ಗೈಡಿಗೆ ಬೇರೆ ಕೊಟ್ಟು, ಉಳಿದದ್ದನ್ನು ಆಫೀಸಿನಲ್ಲಿರುವ ಡಬ್ಬಿಗೆ ಹಾಕು. ಕಣ್ಣಿಗೆ ಕಾಣದೆ ಒಲೆ ಮುಂದೆ ಬೆವರಿದವರಿಗೆ ಪಾಲು ಹೋಗುವುದು ಅದರಿಂದಲೇ.

ಲಾಡ್ಜು, ರೆಸಾರ್ಟ್ ಯಾವುದು ಅಂತ ಗಟ್ಟಿಯಾದ ಮೇಲೆ ಹೆಸರು ಕಳಿಸು. ಊಟದ ಬಗ್ಗೆ ಅವರಿಗೆ ಬರೆಯಬೇಕಾದ ಈಮೇಲ್ ನಾನೇ ಬರೆದು ಕೊಡುತ್ತೇನೆ, ನೀನು ತಾರೀಖು ಹಾಕಿ ಕಳಿಸಿದರೆ ಸಾಕು. ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನವ,
ಗೋಪಿ