ಸಮುದ್ರ ಇನ್ನೂ ಪರೀಕ್ಷೆ ಮಾಡದ ರೆಸಾರ್ಟ್

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ "ಹೇಗಿದೆ ಅಪ್ಪಾ ರೆಸಾರ್ಟ್?" ಅಂತ ಕೇಳಿದೆ. ನಾನು "ಚೆನ್ನಾಗಿದೆ" ಅಂದೆ. ಪಕ್ಕದಿಂದ ನಿನ್ನ ಅಮ್ಮ "ಪರವಾಗಿಲ್ಲ" ಅಂದಳು. ನಮ್ಮಿಬ್ಬರ ಉತ್ತರ ಕೇಳಿ ನಿನಗೆ ಏನೂ ತಿಳಿದಿರಲಾರದು. ನಮ್ಮನ್ನು ಇಲ್ಲಿಗೆ ಕಳಿಸಿದವಳು ನೀನೇ, ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಇಲ್ಲಿಗೇ ಬರುವ ಯೋಚನೆಯೂ ನಿನಗಿದೆ. ಹಾಗಾಗಿ ಕೂತು ಬರೆಯುತ್ತಿದ್ದೇನೆ. ಜೀವನವಿಡೀ ಕಟ್ಟಡದ ಕೆಲಸ ನೋಡಿಕೊಂಡವನು ನಾನು. ಹಾಸಿಗೆ ಎಷ್ಟು ಮೆತ್ತಗಿದೆ ಅಂತ ನೋಡುವ ಮುಂಚೆ ಬಾಗಿಲ ತಿರುಗಣಿ ನೋಡುವ ಚಾಳಿ ಇನ್ನೂ ಹೋಗಿಲ್ಲ. ಸ್ವಲ್ಪ ಸಹಿಸಿಕೋ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಲಾಬಿ ನೋಡಿ ನಾನೇ ಬೆರಗಾದೆ. ಎದುರಿಗೆ ಗೋಡೆಯೇ ಇಲ್ಲ. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಕಣ್ಣ ಮುಂದೆ ಸಮುದ್ರ. ಏಸಿ ಇಲ್ಲ, ಬೇಕಾಗಿಯೂ ಇಲ್ಲ. ಹಗಲು ಹೊತ್ತು ನೆಲ ನೀರಿಗಿಂತ ಬೇಗ ಕಾಯುತ್ತದೆ, ಗಾಳಿ ಸಮುದ್ರದಿಂದ ದಡಕ್ಕೆ ಬೀಸುತ್ತದೆ. ನಕ್ಷೆ ಮಾಡಿದವರು ಆ ಗಾಳಿಗೆ ಸರಿಯಾಗಿ ದಾರಿ ಬಿಟ್ಟಿದ್ದಾರೆ. ಆದರೆ ರಾತ್ರಿ ಅದೇ ಗಾಳಿ ತಿರುಗಿ ನೆಲದ ಕಡೆಯಿಂದ ಬರುತ್ತದೆ ಅನ್ನೋದು ಯಾರಿಗೂ ನೆನಪಾಗಿಲ್ಲ. ಅಡುಗೆಮನೆ, ಜನರೇಟರ್ ಎರಡೂ ಹಿಂದುಗಡೆ ಇವೆ. ರಾತ್ರಿ ಊಟ ಮುಗಿಸಿ ಲಾಬಿಯಲ್ಲಿ ಕೂತರೆ ಡೀಸೆಲ್ ವಾಸನೆ ಮೆಲ್ಲಗೆ ಬಂದು ಪಕ್ಕದಲ್ಲಿ ಕೂರುತ್ತದೆ.

ಬಂದ ಕೂಡಲೇ ತಣ್ಣಗಿನ ಒದ್ದೆ ಟವೆಲ್ ಕೊಟ್ಟರು, ಕುಡಿಯಲು ಏನೋ ಕೊಟ್ಟರು. ಆಮೇಲೆ ಕಾಯಿಸಿದರು. ಕಂಪ್ಯೂಟರಿನಲ್ಲಿ ನಮ್ಮ ರೂಮು ಸಿಗುತ್ತಿರಲಿಲ್ಲ. ಕೌಂಟರಿನ ಹುಡುಗಿ ಸ್ವಾಗತದ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿದ್ದಾಳೆ. ಮಧ್ಯದಲ್ಲಿ ನಾನು ಒಂದು ಪ್ರಶ್ನೆ ಕೇಳಿದೆ. ಉತ್ತರ ಹೇಳಿ, ಪಾಪ, ಮತ್ತೆ ಮೊದಲಿನಿಂದ ಶುರು ಮಾಡಿದಳು. ಇನ್ನೊಂದು ಪ್ರಶ್ನೆಗೆ ನಾನು ಬಾಯಿ ತೆಗೆಯುವಷ್ಟರಲ್ಲಿ ಅಮ್ಮ ನನ್ನ ಕೈ ಹಿಡಿದು "ಸುಮ್ನಿರಿ, ಆ ಮಗು ಅಳುತ್ತೆ" ಅಂದಳು.

ಇಲ್ಲಿ ಇನ್ನೂ ಸಾಫ್ಟ್ ಓಪನಿಂಗ್ ನಡೆಯುತ್ತಿದೆ ಅಂತ ಆಮೇಲೆ ಗೊತ್ತಾಯಿತು. ಅಂದರೆ ಎಲ್ಲ ರೂಮುಗಳನ್ನೂ ತೆರೆದಿಲ್ಲ, ಒಂದು ರೆಸ್ಟೊರೆಂಟ್ ಮುಚ್ಚಿದೆ, ಹಿಂದಿನ ಬ್ಲಾಕಿನಲ್ಲಿ ಟೈಲ್ಸ್ ಕತ್ತರಿಸುವ ಸದ್ದು. ಕಡಿಮೆ ಜನರನ್ನು ಬಿಟ್ಟುಕೊಂಡು, ಎಲ್ಲೆಲ್ಲಿ ತೊಂದರೆ ಬರುತ್ತದೆ ಅಂತ ನೋಡುವ ಸಮಯ ಇದು. ಇದು ಹೋಟೆಲಿನವರೆಲ್ಲ ಮಾಡುವ ಕ್ರಮವೇ, ತಪ್ಪೇನಿಲ್ಲ. ಬುಕಿಂಗ್ ಮಾಡುವಾಗ ನಮಗೆ ಹೇಳಿದ್ದರೆ ಚೆನ್ನಾಗಿತ್ತು, ಅಷ್ಟೇ.

ಇನ್ನು ರೂಮು. ಬಾಗಿಲು ತೆರೆದ ಕೂಡಲೇ ಬಣ್ಣ, ಪಾಲಿಶ್, ಅಂಟು ಎಲ್ಲ ಸೇರಿದ ಹೊಸ ವಾಸನೆ. ತುಂಬಾ ಜನಕ್ಕೆ ಅದು ಇಷ್ಟ. ನನಗೆ ಮೊದಲು ನೆನಪಾಗಿದ್ದು ನಿನ್ನ ಚಿಕ್ಕವನ ಉಬ್ಬಸ. ಪ್ಲೈವುಡ್ಡಿನ ಅಂಟು, ವಾರ್ನಿಶ್, ಹೊಸ ಕಾರ್ಪೆಟ್ ಇವುಗಳಿಂದ ಫಾರ್ಮಾಲ್ಡಿಹೈಡ್ ತರಹದ ಅನಿಲಗಳು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊರಬರುತ್ತವೆ. ಸೆಕೆ, ತೇವ ಎರಡೂ ಇದ್ದರೆ ಇನ್ನೂ ಜಾಸ್ತಿ. ಕಿಟಕಿ ತೆಗೆದಿಡಬೇಕು, ಬೇರೆ ಉಪಾಯ ಇಲ್ಲ. ಆದರೆ ಬಾಲ್ಕನಿ ಬಾಗಿಲು ತೆಗೆದ ಕೂಡಲೇ ಏಸಿ ನಿಂತುಹೋಗುತ್ತದೆ, ಚೌಕಟ್ಟಿನಲ್ಲಿ ಅದಕ್ಕೊಂದು ಸಣ್ಣ ಸ್ವಿಚ್ ಇಟ್ಟಿದ್ದಾರೆ. ಕರೆಂಟ್ ಉಳಿಸಲು ಒಳ್ಳೆಯದೇ. ನಾವು ಏಸಿ ಬಿಟ್ಟು ಬಾಗಿಲು ತೆಗೆದು ಮಲಗಿದೆವು. ಅಲೆಗಳ ಸದ್ದಿಗೆ ನಿದ್ದೆ ಬಂತು. ಹೂದಾನಿಯಲ್ಲಿ ಚೆಂದವಾಗಿ ಜೋಡಿಸಿದ ಹೂವಿಗಿಂತ ಆ ಸದ್ದೇ ನನಗೆ ಐಷಾರಾಮ ಅನ್ನಿಸಿತು.

ನಿದ್ದೆಗೆ ಮುಂಚೆ ಒಂದು ಸಾಹಸ ಮಾಡಬೇಕಾಯಿತು. ಲೈಟ್ ಆರಿಸಬೇಕು. ಮಂಚದ ಪಕ್ಕದ ಗಾಜಿನ ಫಲಕದಲ್ಲಿ ಬರೀ ಚಿತ್ರಗಳು, ಅಕ್ಷರ ಇಲ್ಲ. ಒಂದು ಮುಟ್ಟಿದರೆ ಪರದೆ ಸರಿಯುತ್ತದೆ, ಇನ್ನೊಂದು ಮುಟ್ಟಿದರೆ ಬಚ್ಚಲಿನಲ್ಲಿ ಬೆಳಕು. ಬಚ್ಚಲಿಗೂ ಮಂಚಕ್ಕೂ ನಡುವೆ ಇರೋದು ಗಾಜಿನ ಗೋಡೆ. ಯಾರಿಗೋಸ್ಕರ ಇದನ್ನು ಮಾಡುತ್ತಾರೋ ನನಗಂತೂ ಅರ್ಥವಾಗಲಿಲ್ಲ. ಅಮ್ಮ ಅದಕ್ಕೆ ಬೆಡ್‌ಶೀಟ್ ಕಟ್ಟಿಬಿಟ್ಟಳು. ಮಾರನೇ ದಿನ ರೂಮು ಗುಡಿಸಲು ಬಂದ ಹುಡುಗಿ ಅದನ್ನು ಬಿಚ್ಚಲಿಲ್ಲ. ನಕ್ಕು, ಗಂಟು ಸರಿಮಾಡಿ ಹೋದಳು.

ಈಗ ನನ್ನ ಇಷ್ಟದ ವಿಷಯಕ್ಕೆ ಬರುತ್ತೇನೆ. ಉಪ್ಪು.

ಬಾಲ್ಕನಿಯ ಕಂಬಿ ಸ್ಟೀಲಿನದು, ಫಳಫಳ ಹೊಳೆಯುತ್ತದೆ. ಆದರೆ ಅದನ್ನು ನೆಲಕ್ಕೆ ಹಿಡಿದಿರುವ ಬೋಲ್ಟುಗಳ ಸುತ್ತ ಆಗಲೇ ಕಂದು ಕಲೆ. ಮನೆಯ ಒಳ್ಳೆಯ ಪಾತ್ರೆಗಳಿಗೆ ಸಾಮಾನ್ಯವಾಗಿ ಬಳಸುವುದು 304 ಅನ್ನುವ ಸ್ಟೀಲು, ಅದರಲ್ಲಿ ನೂರಕ್ಕೆ ಹೆಚ್ಚುಕಮ್ಮಿ 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. ಸಮುದ್ರದ ಪಕ್ಕ ಅದು ಸಾಲದು. ಅಲ್ಲಿಗೆ 316 ಬೇಕು. ಅದರಲ್ಲಿ 2ರಿಂದ 3 ಭಾಗ ಮಾಲಿಬ್ಡಿನಂ ಇರುತ್ತದೆ, ತುಕ್ಕು ಹಿಡಿಸುವ ಉಪ್ಪಿನ ಕ್ಲೋರೈಡನ್ನು ತಡೆಯೋದು ಅದೇ. ಇಲ್ಲಿ ಕಂಬಿಗೆ ಒಳ್ಳೆಯ ಸ್ಟೀಲು ಹಾಕಿ, ಬೋಲ್ಟಿನಲ್ಲಿ ದುಡ್ಡು ಉಳಿಸಿರಬೇಕು ಅಂತ ನನ್ನ ಅನುಮಾನ. ಕಣ್ಣಿಗೆ ಕಾಣುವ ಕಡೆ ಖರ್ಚು, ಕಾಣದ ಕಡೆ ಉಳಿತಾಯ. ನಾನು ಕೆಲಸ ಮಾಡಿದ ಕಡೆಯೂ ಇದೇ ಜಗಳ ಇತ್ತು.

ಒಳ್ಳೆಯ ಸ್ಟೀಲು ಹಾಕಿದರೂ ಮುಗಿಯುವುದಿಲ್ಲ. ಆಗಾಗ ಸಿಹಿನೀರಿನಲ್ಲಿ ತೊಳೆಯಬೇಕು. ಅಲೆ ಒಡೆದಾಗ ಹಾರುವ ಸಣ್ಣ ಹನಿಗಳು ಗಾಳಿಯಲ್ಲಿ ಬಂದು ಕೂರುತ್ತವೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ, ರಾತ್ರಿಯ ತೇವಕ್ಕೆ ಅದೇ ಉಪ್ಪು ಮತ್ತೆ ಒದ್ದೆಯಾಗುತ್ತದೆ. ಬೀಗ, ಏಸಿಯ ಹೊರಗಿನ ಪೆಟ್ಟಿಗೆ, ಲಿಫ್ಟಿನ ಬಾಗಿಲು ಎಲ್ಲಕ್ಕೂ ಇದೇ ಗತಿ. ಇಲ್ಲಿ ಬೆಳಗಿನ ಜಾವ ಹುಡುಗರು ಗಾಜು ಒರೆಸುತ್ತಾರೆ, ಕಂಬಿ ಒರೆಸುವುದಿಲ್ಲ. ಗಾಜಿನ ಮೇಲಿನ ಉಪ್ಪು ಫೋಟೋದಲ್ಲಿ ಕಾಣುತ್ತದಲ್ಲ. ಒಂದು ಮಳೆಗಾಲ ಕಳೆಯಲಿ, ಆಗ ಗೊತ್ತಾಗುತ್ತದೆ ಇಲ್ಲಿ ಯಾರು ಸರಿಯಾಗಿ ಕೆಲಸ ಮಾಡಿದ್ದಾರೆ ಅಂತ. ಎಂಜಿನಿಯರು ಸಹಿ ಹಾಕಿದ ಮೇಲೆ ಸಮುದ್ರ ತನ್ನ ಇನ್‌ಸ್ಪೆಕ್ಷನ್ ಶುರು ಮಾಡುತ್ತದೆ.

ನೀನು ಫೋಟೋದಲ್ಲಿ ನೋಡಿದ ಈಜುಕೊಳ, ಅಂಚೇ ಇಲ್ಲದೆ ಸಮುದ್ರಕ್ಕೆ ಸೇರಿದ ಹಾಗೆ ಕಾಣುತ್ತದಲ್ಲ, ಅದು ನಿಜವಾಗಿಯೂ ಚೆಂದ. ಅದರ ಗುಟ್ಟು ಹೇಳಲಾ? ಸಮುದ್ರದ ಕಡೆಯ ಗೋಡೆ ಉಳಿದ ಗೋಡೆಗಳಿಗಿಂತ ಸ್ವಲ್ಪ ತಗ್ಗು. ನೀರು ಅದರ ಮೇಲೆ ತೆಳ್ಳಗೆ ಹರಿದು ಕೆಳಗಿನ ಕಾಲುವೆಗೆ ಬೀಳುತ್ತದೆ. ಅಲ್ಲಿಂದ ಒಂದು ತೊಟ್ಟಿಗೆ, ತೊಟ್ಟಿಯಿಂದ ಪಂಪು, ಫಿಲ್ಟರ್, ಮತ್ತೆ ಕೊಳಕ್ಕೆ. ಕೊಳಕ್ಕೆ ಜನ ಇಳಿದಾಗ ಉಕ್ಕುವ ನೀರೂ ಆ ತೊಟ್ಟಿಯಲ್ಲೇ ನಿಲ್ಲಬೇಕು. ಆ ತಗ್ಗು ಗೋಡೆ ಉದ್ದಕ್ಕೂ ಒಂದೇ ಮಟ್ಟದಲ್ಲಿ ಇರಬೇಕು, ಕೆಲವೇ ಮಿಲಿಮೀಟರ್ ಏರುಪೇರಾದರೂ ನೀರು ಒಂದೇ ಕಡೆ ಹರಿಯುತ್ತದೆ. ಇಲ್ಲಿ ಎಡಗಡೆಯ ಮೂಲೆ ಒಣಗಿದೆ. ಫೋಟೋ ತೆಗೆಯುವವರೆಲ್ಲ ಬಲಗಡೆಗೇ ಹೋಗುತ್ತಾರೆ, ಗಮನಿಸಿದ್ದೀಯಾ? ನಾನು ನಸುಕಿನಲ್ಲಿ ಹೋದಾಗ ಪಂಪು ನಿಂತಿತ್ತು. ನೀರು ಅಂಚಿನಿಂದ ಕೆಳಗಿಳಿದು, ಕೊಳ ಬೇರೆ ಸಮುದ್ರ ಬೇರೆಯಾಗಿ ಕಾಣುತ್ತಿದ್ದವು. ನನಗೆ ಖುಷಿಯಾಯಿತು. ಅಮ್ಮನಿಗೆ ತೋರಿಸಿದೆ. "ಇದನ್ನು ನೋಡಕ್ಕೆ ನನ್ನ ಎಬ್ಬಿಸಿದ್ರಾ?" ಅಂದಳು.

ತೋಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳೆದ ತೆಂಗಿನ ಮರಗಳನ್ನೇ ಬೇರೆ ಕಡೆಯಿಂದ ತಂದು ನೆಟ್ಟಿದ್ದಾರೆ. ಹೊಸ ಬೇರು ಹಿಡಿಯುವವರೆಗೆ ಪ್ರತಿ ಮರಕ್ಕೂ ಮೂರು ಕಡೆ ಮರದ ಆಸರೆ. ನೆರಳು ಅನ್ನೋದು ಸದ್ಯಕ್ಕೆ ಛತ್ರಿಯ ಕೆಳಗೆ ಮಾತ್ರ. ಮಧ್ಯಾಹ್ನ ಮಕ್ಕಳು ಹೊರಗೆ ಆಡುವ ಹಾಗಿಲ್ಲ.

ಇನ್ನು ಮುಂದಿನದನ್ನು ಗಮನವಿಟ್ಟು ಓದು. ನಾನು ಈ ಪತ್ರ ಬರೆಯೋಕೆ ಮುಖ್ಯ ಕಾರಣವೇ ಇದು.

ದಡದಲ್ಲಿ ಬಾವುಟಗಳಿವೆ. ಮೇಲೆ ಕೆಂಪು ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು, ಆ ಜಾಗವನ್ನು ಜೀವರಕ್ಷಕರು ನೋಡಿಕೊಳ್ಳುತ್ತಾರೆ. ಪೂರ್ತಿ ಕೆಂಪು ಬಾವುಟ ಇದ್ದರೆ ಇಳಿಯಲೇಬಾರದು. ಇಲ್ಲಿ ಬಾವುಟ ನೆಟ್ಟಿದ್ದಾರೆ, ಆದರೆ ಅದರ ಅರ್ಥ ಹೇಳುವ ಬೋರ್ಡು ಇನ್ನೂ ಬಂದಿಲ್ಲ. ನನ್ನ ಕಣ್ಣ ಮುಂದೆಯೇ ಒಂದು ಕುಟುಂಬ ಬಾವುಟದಿಂದ ಆಚೆಗೆ, ನೀರು ಶಾಂತವಾಗಿ ಕಂಡ ಕಡೆ ಮಕ್ಕಳನ್ನು ಇಳಿಸಿತು. ಜೀವರಕ್ಷಕ ಸೀಟಿ ಊದುತ್ತಾ ಓಡಿದ.

ಅವನ ಹತ್ತಿರ ಆಮೇಲೆ ಮಾತಾಡಿದೆ. ಈ ದಡದಲ್ಲೇ ಬೆಳೆದವನು. ಇಡೀ ರೆಸಾರ್ಟಿನಲ್ಲಿ ತನ್ನ ಜಾಗವನ್ನು ನಿಜವಾಗಿ ಬಲ್ಲವನು ಅವನೊಬ್ಬನೇ ಅನ್ನಿಸಿತು. ಎರಡೂ ಪಕ್ಕ ಅಲೆ ಒಡೆದು ಬಿಳಿ ನೊರೆ ಕಾಣುತ್ತಿದ್ದು, ಮಧ್ಯದಲ್ಲಿ ಮಾತ್ರ ನೀರು ಸಪಾಟಾಗಿ, ಸ್ವಲ್ಪ ಕಪ್ಪಗೆ ಕಂಡರೆ ಅಲ್ಲಿ ಹುಷಾರಾಗಿರಬೇಕು ಅಂದ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದು. ಅದಕ್ಕೇ ರಿಪ್ ಕರೆಂಟ್ ಅನ್ನುತ್ತಾರೆ. ಜೋರಾಗಿದ್ದಾಗ ಸೆಕೆಂಡಿಗೆ ಎರಡು ಮೀಟರಿಗೂ ಜಾಸ್ತಿ ವೇಗದಲ್ಲಿ ಎಳೆಯುತ್ತದೆ, ಪಳಗಿದ ಈಜುಗಾರನೂ ಎದುರು ಈಜಿ ಗೆಲ್ಲಲಾರ. ಅದು ನೀರಿನಡಿಗೆ ಎಳೆಯುವುದಿಲ್ಲ, ದೂರಕ್ಕೆ ಎಳೆಯುತ್ತದೆ. ಸಿಕ್ಕಿಕೊಂಡರೆ ಗಾಬರಿಯಾಗಿ ದಡದ ಕಡೆ ಬಡಿದಾಡಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕು, ಎಳೆತ ಬಿಟ್ಟ ಮೇಲೆ ಓರೆಯಾಗಿ ದಡಕ್ಕೆ ಬರಬೇಕು. ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಬೇಕು. ದೊಡ್ಡವಳಿಗೆ ಇದನ್ನು ಈಗಿನಿಂದಲೇ ಹೇಳಿಕೊಡು.

ಅವನೇ ಇನ್ನೊಂದು ತಮಾಷೆ ಹೇಳಿದ. ಸಂಜೆ ದಡದಲ್ಲಿ ಮೇಜು, ದೀಪ ಇಟ್ಟು ಊಟದ ವ್ಯವಸ್ಥೆ ಮಾಡುತ್ತಾರೆ. ಆಫೀಸಿನ ಪಟ್ಟಿಯಲ್ಲಿ ದಿನಾ ಒಂದೇ ಸಮಯ, ಒಂದೇ ಜಾಗ. ಸಮುದ್ರ ಆ ಪಟ್ಟಿ ಓದಿಲ್ಲ. ಒಂದು ಉಬ್ಬರಕ್ಕೂ ಇನ್ನೊಂದು ಉಬ್ಬರಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇವತ್ತು ನೀರು ಏರಿದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆ ಹತ್ತಿರ ಇನ್ನೂ ಮೇಲೆ ಬರುತ್ತದೆ. ಹಾಗಾಗಿ ಒಂದು ಸಂಜೆ ಮೇಜುಬಟ್ಟೆ ಸಮೇತ ನಾಲ್ಕು ಕುರ್ಚಿ ನೀರಿನಲ್ಲಿ ಹೋದವಂತೆ. "ಹೇಳಿದ್ದೆ ಸಾರ್, ಯಾರೂ ಕೇಳಲಿಲ್ಲ" ಅಂತ ನಕ್ಕ.

ಕೆಲಸದವರ ಬಗ್ಗೆ ಅಮ್ಮ ಬರೆಯಲು ಹೇಳಿದ್ದಾಳೆ. ಎಲ್ಲರೂ ಒಳ್ಳೆಯವರು, ತುಂಬಾ ಚಿಕ್ಕವರು, ತುಂಬಾ ಹೆದರಿದವರು. ರೆಸಾರ್ಟ್ ತೆರೆಯುವ ಮುಂಚೆ ಅವರನ್ನೇ ಅತಿಥಿಗಳ ಹಾಗೆ ಈ ರೂಮುಗಳಲ್ಲಿ ಮಲಗಿಸಿ, ನಲ್ಲಿ, ಲೈಟು ಎಲ್ಲ ಪರೀಕ್ಷೆ ಮಾಡಿಸಿದ್ದರಂತೆ. ರೂಮು ಗುಡಿಸುವ ಹುಡುಗಿ ಅಮ್ಮನಿಗೆ ಇದನ್ನು ಹೇಳುವಾಗ ಅವಳ ಮುಖ ಅರಳಿತ್ತಂತೆ. ಈಗ ಮಾತ್ರ ಊಟಕ್ಕೆ ಕೂತರೆ ಒಬ್ಬರಾದ ಮೇಲೆ ಒಬ್ಬರು ಬಂದು "ಎಲ್ಲಾ ಸರಿಯಾಗಿದೆಯಾ ಸಾರ್?" ಅಂತ ಕೇಳುತ್ತಾರೆ. ಬಾಯಲ್ಲಿ ತುತ್ತು ಇರುವಾಗಲೇ ಕೇಳುತ್ತಾರೆ. ಹೋಗುವಾಗ ಒಳ್ಳೆಯ ರೇಟಿಂಗ್ ಕೊಡಿ, ನಮ್ಮ ಹೆಸರು ಬರೆಯಿರಿ ಅಂತ ಕೇಳಿಕೊಳ್ಳುತ್ತಾರೆ. ಅವರ ಮೇಲೆ ಎಷ್ಟು ಒತ್ತಡ ಇದೆ ಅನ್ನೋದು ಅದರಲ್ಲೇ ಗೊತ್ತಾಗುತ್ತದೆ. ಹಳೆಯ ಒಳ್ಳೆಯ ಹೋಟೆಲಿನಲ್ಲಿ ಕೇಳುವುದಿಲ್ಲ, ದೂರದಿಂದಲೇ ನೋಡಿ ತಿಳಿದುಕೊಳ್ಳುತ್ತಾರೆ. ಆ ಕಣ್ಣು ಬರಲು ಸಮಯ ಬೇಕು. ಅಮೃತಶಿಲೆಯನ್ನು ಹಡಗಿನಲ್ಲಿ ತರಿಸಬಹುದು, ಇದನ್ನು ತರಿಸಲು ಆಗುವುದಿಲ್ಲ.

ನಾನು ಕಂಡ ತೊಂದರೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮ್ಯಾನೇಜರಿಗೆ ಕೊಟ್ಟೆ. ಬೋಲ್ಟು, ಕೊಳದ ಮೂಲೆ, ಬೋರ್ಡು, ಬಿಸಿನೀರು ಬರಲು ತಡ, ಎಲ್ಲ. ಕೋಪ ಮಾಡಿಕೊಳ್ಳಬಹುದು ಅಂದುಕೊಂಡಿದ್ದೆ. ಆ ಮನುಷ್ಯ ಕುರ್ಚಿ ಎಳೆದು ಕೂತು, ಬೋಲ್ಟಿನ ಬಗ್ಗೆ ಮತ್ತೆ ಎರಡು ಪ್ರಶ್ನೆ ಕೇಳಿದ. ಇವತ್ತು ಮಧ್ಯಾಹ್ನ ದಡದಲ್ಲಿ ಬೋರ್ಡು ಬಂತು. ಕೈಯಲ್ಲಿ ಬರೆದದ್ದು, ಅಕ್ಷರ ಸೊಟ್ಟ, ಆದರೆ ಬಂತು. ಹಾಗಾಗಿ ಈ ಜಾಗದ ಮೇಲೆ ನನಗೆ ನಂಬಿಕೆ ಇದೆ.

ಈ ರಜೆಗೆ ಮಾತ್ರ ಬೇಡ. ಮುಂದಿನ ವರ್ಷ ಬನ್ನಿ. ಅಷ್ಟರಲ್ಲಿ ವಾಸನೆ ಹೋಗಿರುತ್ತದೆ, ಹಿಂದಿನ ಬ್ಲಾಕಿನ ಕೆಲಸ ಮುಗಿದಿರುತ್ತದೆ, ತೆಂಗು ಬೇರು ಬಿಟ್ಟಿರುತ್ತದೆ. ಬುಕ್ ಮಾಡುವಾಗ ಕೊಳದ ಪಂಪು ಇರುವ ಕಡೆಯ ಕೆಳಗಿನ ರೂಮು ಬೇಡ ಅಂತ ಹೇಳು, ರಾತ್ರಿ ಗುಯ್ಯೆನ್ನುತ್ತದೆ. ಜೀವರಕ್ಷಕರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಇರುತ್ತಾರೆ ಅಂತ ತಪ್ಪದೇ ಕೇಳು. ಇಬ್ಬರು ಮಕ್ಕಳನ್ನೂ ಈ ತಿಂಗಳೇ ಈಜು ಕಲಿಯಲು ಸೇರಿಸು, ಫೀಸು ನಾನು ಕೊಡುತ್ತೇನೆ.

ನಿನ್ನ ಅಪ್ಪ

(ಆ ಗಾಜಿನ ಗೋಡೆಗೆ ಪರದೆ ಹಾಕಿಸಲು ಅಮ್ಮ ಕೂಡ ಮ್ಯಾನೇಜರಿಗೆ ಹೇಳಿದ್ದಾಳೆ. ಅದನ್ನೂ ಮಾಡುತ್ತಾರಂತೆ.)