ಅಜ್ಜಿಯ ಜನ್ಮದಿನಾಂಕ

ಪ್ರೀತಿಯ ಮಗಳಿಗೆ,

ಅಜ್ಜಿಯ ವರ್ಷದ ತಿಥಿಗೆ ಫೋಟೋ ಕಟ್ಟಿಸಲು ಕೊಟ್ಟಿದ್ದೇನೆ. ಜನನ, ಮರಣ ಎರಡೂ ತಾರೀಖು ಬೇಕು ಅಂತಾನೆ ಅಂಗಡಿಯವನು. ಆಧಾರ್‌ನಲ್ಲಿ 1-1-1935 ಅಂತಿದೆ. ಅದು ಸುಳ್ಳು. ಬರೆಸುವಾಗ ನಾನೇ ಪಕ್ಕದಲ್ಲಿದ್ದೆ, ಸುಮ್ನೆ ಒಂದು ಹೇಳಿದೆವು.

ಅವ್ವನ ಲೆಕ್ಕವೇ ಬೇರೆ. "ರಜಾಕಾರರ ಗಲಾಟ್ಯಾಗ ನನ್ನ ಮುಂದಿನ ಹಲ್ಲು ಬಿದ್ದಿದ್ವು" ಅನ್ನುತ್ತಿದ್ದಳು. ಅಂದರೆ ಹೈದರಾಬಾದ್ ನಿಜಾಮನ ಪರದ ಆ ಸಶಸ್ತ್ರ ಪಡೆಯ ಹಾವಳಿ ಇದ್ದ 1948ರಲ್ಲಿ ಅವಳಿಗೆ ಆರೋ ಏಳೋ ವರ್ಷ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದು ವರ್ಷವಾದರೂ ನಮ್ಮ ಕೊಪ್ಪಳ ಸೀಮೆ ನಿಜಾಮನ ಕೈಯಲ್ಲೇ ಇತ್ತು. ಒಂದು ರಾತ್ರಿ ಊರವರು ಬಂಡಿ ಹೂಡಿ ಮುಂಡರಗಿ ಕಡೆ ಹೊರಟರಂತೆ. ಅದು ಮುಂಬೈ ಪ್ರಾಂತ್ಯ, ಅಲ್ಲಿ ಹೋರಾಟಗಾರರ ಶಿಬಿರವಿತ್ತು. ಆಗತಾನೇ ಹುಟ್ಟಿದ್ದ ಎಮ್ಮೆ ಕರುವನ್ನು ಬಂಡಿಗೆ ಹಾಕಿಕೊಳ್ಳಲು ಅವರಪ್ಪ ಒಪ್ಪಲಿಲ್ಲ. ಅದರ ಹಣೆಯ ಬಿಳಿ ಚುಕ್ಕೆ ಎಂಬತ್ತರ ವಯಸ್ಸಿನಲ್ಲೂ ಅವ್ವನಿಗೆ ನೆನಪಿತ್ತು. ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ ಮೇಲೆ ವಾಪಸು ಬಂದರೆ ಬರೀ ಗೂಟ. ವಿಮೋಚನೆ ಅಂದರೆ ಅವಳಿಗೆ ಆ ಗೂಟ.

ಆಮೇಲೆ ನಿಮ್ಮಜ್ಜ ತುಂಗಭದ್ರಾ ಡ್ಯಾಮಿನ ಕೂಲಿಗೆ ಹೋದದ್ದು, 1956ರಲ್ಲಿ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು, ಇದೆಲ್ಲ ನಿನಗೆ ಗೊತ್ತು. ನಾನು ಹುಟ್ಟಿದ್ದು 1972ರ ಬರದಲ್ಲಿ. ಮರುವರ್ಷ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕ ಆಯಿತು. ಹುಟ್ಟಿದ್ದು ಮೈಸೂರಿನಲ್ಲಿ, ನಡೆಯೋದು ಕಲಿತದ್ದು ಕರ್ನಾಟಕದಲ್ಲಿ, ಮನೆ ಮಾತ್ರ ಅದೇ! 1997ರಲ್ಲಿ ರಾಯಚೂರು ಜಿಲ್ಲೆ ಹೋಗಿ ಕೊಪ್ಪಳ ಜಿಲ್ಲೆ ಬಂತು. ಅವ್ವ ಪಡಸಾಲೆ ಬಿಟ್ಟು ಕದಲಲಿಲ್ಲ, ವಿಳಾಸ ಬದಲಾಗುತ್ತಾ ಹೋಯಿತು.

ಹಿಂದಿನ ಹೈದರಾಬಾದ್ ಸೀಮೆಯವರಿಗೆ ಮೀಸಲಾತಿ ಕೊಡುವ 371 ಜೆ ಸರ್ಟಿಫಿಕೇಟಿನಿಂದ ನಿನಗೆ ಸೀಟು ಸಿಕ್ಕಾಗ ಏನಂದಳು ನೆನಪಿದೆಯಾ? "ಅವತ್ತು ಓಡಿ ಹೋಗಿದ್ದಕ್ಕ ಈಗ ರೊಕ್ಕ ಮುಟ್ಟಿತೇನೋ?" ನಾವೆಲ್ಲ ನಕ್ಕೆವು. ಈಗ ನನಗೆ ಅದು ಬರೀ ತಮಾಷೆ ಅನಿಸುವುದಿಲ್ಲ.

ಹೋದ ವರ್ಷ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಆಗ ಅವಳು ಹಾಸಿಗೆ ಹಿಡಿದಿದ್ದಳು. ಟಿವಿಯಲ್ಲಿ ನೀರು ನೋಡಿ ಕೇಳಿದಳು:

"ಕಟ್ಟಿ ಹೋತೇನ?"

"ಇಲ್ಲವ್ವ, ಗೇಟ್ ಅಷ್ಟೇ."

"ಹಂಗಾರ ನಿಮ್ಮಪ್ಪ ಹೊತ್ತ ಕಲ್ಲು ಅದಾವ ಬಿಡು" ಅಂದು ಮಗ್ಗುಲಾದಳು. ಅದಾಗಿ ಎರಡು ತಿಂಗಳಿಗೆ ಹೋದಳು.

ಈಗ ಹೇಳು ತಾಯಿ, ಫೋಟೋಕ್ಕೆ ಆ ಸುಳ್ಳು ತಾರೀಖೇ ಹಾಕಿಸಲಾ, ಇಲ್ಲಾ ಜನನದ ಜಾಗ ಖಾಲಿ ಬಿಡಿಸಲಾ? ಭಾನುವಾರದೊಳಗೆ ಫೋನ್ ಮಾಡು. ಅಡ್ವಾನ್ಸ್ ಕೊಟ್ಟಾಗಿದೆ.

ನಿನ್ನ ಅಪ್ಪ