ಒಳಗೊಂದು ಮೋಟಾರ್ ಇಟ್ಟರೆ ಸಾಕಲ್ವಾ ಅಂದಿದ್ದೆ ನೀನು

ಪ್ರೀತಿಯ ಗೆಳೆಯಾ,

ಹೋದ ಸಲ ಬಂದಾಗ ಮೇಜಿನ ಮೇಲೆ ನಾನು ಅರ್ಧ ಕಟ್ಟಿ ಇಟ್ಟಿದ್ದ ಪುಟ್ಟ ಉಗಿ ರೈಲು ಇಂಜಿನ್ ನೋಡಿ ನೀನು ಒಂದು ಮಾತು ಕೇಳಿದ್ದೆ. "ಇಷ್ಟೆಲ್ಲ ಯಾಕೋ? ಒಳಗೊಂದು ಮೋಟಾರ್ ಇಟ್ಟು ಬ್ಯಾಟರಿ ಹಾಕಿದ್ರೆ ಓಡುತ್ತಲ್ವಾ? ಹೊರಗಿಂದ ನೋಡೋರಿಗೆ ಏನು ಗೊತ್ತಾಗುತ್ತೆ?" ಆವತ್ತು ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಏನೋ ಹೇಳಿ ಮಾತು ತೇಲಿಸಿಬಿಟ್ಟೆ. ಪ್ರಶ್ನೆ ಮಾತ್ರ ತಲೆಯಲ್ಲೇ ಕೂತಿತ್ತು. ಹೋದ ಭಾನುವಾರ ಇಂಜಿನ್ ಮೊದಲ ಸಲ ತನ್ನದೇ ಉಗಿಯಲ್ಲಿ ಓಡಿತು. ಈಗ ಹೇಳಬಲ್ಲೆ ಅನ್ನಿಸುತ್ತಿದೆ. ಇಂಥ ಕೆಲಸಕ್ಕೆ ಕೈ ಹಾಕುವ ಆಸೆ ಇರುವ ಬೇರೆಯವರಿಗೂ ಸಿಗಲಿ ಅಂತ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಬೇಜಾರಿಲ್ಲ ತಾನೇ?

ನನ್ನದು 5 ಇಂಚು ಗೇಜಿನ ಇಂಜಿನ್. ಎರಡು ಹಳಿಗಳ ನಡುವೆ 127 ಮಿ.ಮೀ. ಅಷ್ಟೆ. ದೊಡ್ಡ ರೈಲಿನ ಸ್ಟ್ಯಾಂಡರ್ಡ್ ಗೇಜ್ 1435 ಮಿ.ಮೀ. ಅಂದರೆ ಹೆಚ್ಚುಕಮ್ಮಿ ಹನ್ನೊಂದರಲ್ಲಿ ಒಂದು ಪಾಲು. ಚಕ್ರ, ಚೌಕಟ್ಟು, ಚಿಮಣಿ ಎಲ್ಲವನ್ನೂ ಹೀಗೆ ಹನ್ನೊಂದರಲ್ಲಿ ಒಂದು ಪಾಲು ಮಾಡಿಕೊಳ್ಳಬಹುದು. ಆದರೆ ಬೆಂಕಿಯನ್ನು ಹಾಗೆ ಸಣ್ಣದು ಮಾಡಲು ಬರುವುದಿಲ್ಲ. ನೀರನ್ನೂ ಅಷ್ಟೆ. ಕಲ್ಲಿದ್ದಲಿಗೆ ತಾನು ಸಣ್ಣ ಇಂಜಿನ್ನಿನಲ್ಲಿ ಉರಿಯುತ್ತಿದ್ದೇನೆ ಅಂತ ಗೊತ್ತಿಲ್ಲ. ಉದ್ದ 11ರಲ್ಲಿ ಒಂದಾದರೆ ಬಿಸಿ ತಾಗುವ ಮೇಲ್ಮೈ 121ರಲ್ಲಿ ಒಂದಾಗುತ್ತದೆ, ಒಳಗೆ ಹಿಡಿಯುವ ನೀರು 1331ರಲ್ಲಿ ಒಂದಾಗುತ್ತದೆ. ಹಾಗಾಗಿ ಸಣ್ಣ ಬಾಯ್ಲರ್ ಬೇಗ ಕಾಯುತ್ತದೆ, ಬೇಗ ಆರುತ್ತದೆ, ಬೇಗ ಬರಿದಾಗುತ್ತದೆ. ದೊಡ್ಡ ಇಂಜಿನ್ನಿನ ಬಾಯ್ಲರಿನ ಒಳಗೆ ಬೆಂಕಿಯ ಬಿಸಿ ಹೊಗೆ ಹಾಯುವ ಕೊಳವೆಗಳನ್ನು ಅದೇ ಲೆಕ್ಕದಲ್ಲಿ ಇಳಿಸಿದರೆ ಪೆನ್ಸಿಲ್ಲಿಗಿಂತ ಸಪೂರ ಆಗುತ್ತವೆ, ಬೇಗನೆ ಬೂದಿ ಕಟ್ಟಿಕೊಂಡು ಮುಚ್ಚಿಹೋಗುತ್ತವೆ. ಅದಕ್ಕೇ ನನ್ನದರಲ್ಲಿ ಅರ್ಧ ಇಂಚಿನ 14 ಕೊಳವೆ ಮಾತ್ರ. ಹೊರಗಿನ ರೂಪ ದೊಡ್ಡದರ ನಕಲು, ಒಳಗಿನದ್ದನ್ನೆಲ್ಲ ಬೆಂಕಿ ನೀರು ಹೇಳಿದ ಹಾಗೆ ಮಾಡಬೇಕು.

ಮೂರು ವರ್ಷ ನಾಲ್ಕು ತಿಂಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಈ ಬಾಯ್ಲರೇ. ಎಲ್ಲ ತಾಮ್ರ, 3 ಮಿ.ಮೀ. ದಪ್ಪದ ಹಾಳೆ. ಮುಂದಿನ ಹಿಂದಿನ ಫಲಕಗಳಿಗೆ ತಟ್ಟೆಯ ಅಂಚಿನ ಹಾಗೆ ಸುತ್ತಲೂ ಅಂಚು ಮಡಚಬೇಕು, ಅದಕ್ಕೆ ಒಂದು ಅಚ್ಚು ಬೇಕು. ನಿನ್ನ ಮರಗೆಲಸದಲ್ಲಿ ಉಳಿದಿದ್ದ ಒಂದು ಗಟ್ಟಿ ಮರದ ತುಂಡು ಕೊಟ್ಟಿದ್ದೆಯಲ್ಲ, ನೆನಪಿದೆಯಾ? ಅದನ್ನೇ ಅಚ್ಚು ಮಾಡಿಕೊಂಡೆ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ. ತಾಮ್ರ ಉಲ್ಟಾ, ಮೆತ್ತಗಾಗುತ್ತದೆ. ಮೆತ್ತಗಾದ ಹಾಳೆಯನ್ನು ಅಚ್ಚಿಗೆ ಬಿಗಿದು ಸುತ್ತಿಗೆಯಿಂದ ಅಂಚನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾ ಹೋಗಬೇಕು. ಬಡಿದಷ್ಟೂ ತಾಮ್ರ ಬಿಗಿಯುತ್ತದೆ. ಅದು ಕೈಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಶುರುವಿನಲ್ಲಿ ದಬ್ ದಬ್ ಅಂತಿದ್ದ ಸದ್ದು ಟಣ್ ಟಣ್ ಅಂತ ತಿರುಗುತ್ತದೆ. ಟಣ್ ಅಂದ ಕೂಡಲೇ ನಿಲ್ಲಿಸಿ ಮತ್ತೆ ಕಾಯಿಸಬೇಕು, ಇಲ್ಲದಿದ್ದರೆ ಮೂಲೆಯಲ್ಲಿ ಸೀಳು ಬಿಡುತ್ತದೆ. ಒಂದೊಂದು ಫಲಕಕ್ಕೆ ಐದಾರು ಸಲ ಹೀಗೆ. ನಿನ್ನ ಮರದ ತುಂಡಿನ ಅಂಚು ಸುಟ್ಟು ಕಪ್ಪಾಗಿದೆ, ಆದರೆ ಒಡೆದಿಲ್ಲ.

ಆಮೇಲೆ ಬೆಸುಗೆ. ಮಾಮೂಲಿ ತವರ ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. ನನ್ನ ಬಾಯ್ಲರ್ ಕೆಲಸ ಮಾಡುವುದು ಚದರ ಇಂಚಿಗೆ 80 ಪೌಂಡ್ ಒತ್ತಡದಲ್ಲಿ. ಆ ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, ಸುಮಾರು 162 ಡಿಗ್ರಿಗೆ. ಅಷ್ಟು ಹತ್ತಿರ ಹೋಗುವ ಬೆಸುಗೆಯನ್ನು ನಂಬುವ ಹಾಗೇ ಇಲ್ಲ. ಅದಕ್ಕೆ ಬೆಳ್ಳಿ ಬೆಸುಗೆ. ಅದು ಕರಗುವುದು 600ರಿಂದ 700 ಡಿಗ್ರಿ ಆಸುಪಾಸು, ತಾಮ್ರ ಕರಗುವುದು 1085ಕ್ಕೆ. ನಡುವಿನ ಆ ಜಾಗದಲ್ಲಿ ಕೆಲಸ ಮುಗಿಸಬೇಕು. ತೊಂದರೆ ಏನೆಂದರೆ, ತಾಮ್ರ ಬಿಸಿಯನ್ನು ಒಂದು ಕಡೆ ನಿಲ್ಲಲು ಬಿಡುವುದಿಲ್ಲ. ನೀನು ಇಲ್ಲಿ ಕಾಯಿಸಿದರೆ ಅದು ಆ ತುದಿಗೆ ಓಡುತ್ತದೆ. ಹಾಗಾಗಿ ಇಡೀ ಬಾಯ್ಲರನ್ನು ಬೆಂಕಿ ತಡೆಯುವ ಇಟ್ಟಿಗೆಗಳ ಗೂಡಿನಲ್ಲಿಟ್ಟು ಎರಡು ಟಾರ್ಚ್ ಹಿಡಿದು ಪೂರ್ತಿ ಕೆಂಪಗೆ ಮಾಡಬೇಕು. ಬೆಸುಗೆ ಹರಿಯಲಿ ಅಂತ ಲೋಹವನ್ನು ಶುಚಿಯಾಗಿಡಲು ಸಂದಿಗೆ ಹಚ್ಚಿದ ಬಿಳಿ ಫ್ಲಕ್ಸ್ ಮೊದಲು ಉಬ್ಬುತ್ತದೆ, ಆಮೇಲೆ ಇಳಿದು ಗಾಜಿನ ಹಾಗೆ ತಿಳಿಯಾಗುತ್ತದೆ. ಆಗ ಬೆಳ್ಳಿ ಕಡ್ಡಿ ಮುಟ್ಟಿಸಬೇಕು. ಸರಿಯಾದ ಬಿಸಿ ಬಂದಿದ್ದರೆ ಕಡ್ಡಿಯ ತುದಿ ಕರಗಿ ಸಂದಿಯೊಳಕ್ಕೆ ತಾನಾಗಿ ಎಳೆದುಕೊಂಡು ಹೋಗುತ್ತದೆ, ಸುತ್ತಲೂ ಒಂದು ಹೊಳೆಯುವ ದಾರ ಓಡಿದ ಹಾಗೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ಅದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಪರೀಕ್ಷೆಯ ದಿನ ಬಂತು. ಬಾಯ್ಲರ್ ತುಂಬ ತಣ್ಣೀರು, ಒಂದು ಗುಳ್ಳೆ ಗಾಳಿಯೂ ಇಲ್ಲದ ಹಾಗೆ. ಗಾಳಿ ಹಾಕಿ ಪರೀಕ್ಷೆ ಮಾಡುವುದು ಅಪಾಯ ಕಣೋ, ಒತ್ತಿದ ಗಾಳಿ ಒಡೆದರೆ ಬಾಂಬಿನ ಹಾಗೆ ಸಿಡಿಯುತ್ತದೆ. ನೀರು ಹಿಗ್ಗುವುದಿಲ್ಲ, ಸುಮ್ನೆ ಸೋರುತ್ತದೆ ಅಷ್ಟೆ. ಕೈ ಪಂಪಿನಿಂದ ಕೆಲಸದ ಒತ್ತಡದ ಎರಡರಷ್ಟು, ಅಂದರೆ 160 ಪೌಂಡ್ ಏರಿಸಬೇಕು. 120ಕ್ಕೆ ಬಂದಾಗ ಬೆಂಕಿ ಉರಿಯುವ ಪೆಟ್ಟಿಗೆಯಾದ ಫೈರ್‌ಬಾಕ್ಸಿನ ಬದಿಯಲ್ಲಿ, ಫಲಕಗಳು ಉಬ್ಬದ ಹಾಗೆ ಹಿಡಿದಿಡುವ ಒಂದು ಆನಿಕೆ ಕಡ್ಡಿಯ ಬುಡದಲ್ಲಿ ಬೆವರಿನ ಹನಿಯ ಹಾಗೆ ಒಂದು ಹನಿ ಮೂಡಿತು. ಒರೆಸಿದೆ. ಮತ್ತೆ ಮೂಡಿತು. ಆ ಜಾಗದಲ್ಲಿ ಫ್ಲಕ್ಸ್ ಸತ್ತುಹೋಗುವಷ್ಟು ಹೊತ್ತು ಕಾಯಿಸಿದ್ದೆ, ಆದ್ದರಿಂದ ಬೆಳ್ಳಿ ಮೇಲೆಯೇ ಉಂಡೆಯಾಗಿ ಕೂತಿತ್ತು, ಒಳಗೆ ಇಳಿದಿರಲಿಲ್ಲ. ಹೊರಗಿನಿಂದ ನೋಡಲು ಎಲ್ಲಕ್ಕಿಂತ ಚೆಂದ ಕಾಣುತ್ತಿದ್ದ ಬೆಸುಗೆ ಅದೇ. ಸಿಟ್ರಿಕ್ ಆಸಿಡ್ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ಅದ್ದಿಟ್ಟು, ಉಜ್ಜಿ ತೊಳೆದು, ಹೊಸ ಫ್ಲಕ್ಸ್ ಹಚ್ಚಿ, ಪೂರ್ತಿ ಬಾಯ್ಲರನ್ನು ಮತ್ತೆ ಕೆಂಪಗೆ ಮಾಡಿದೆ. ಎರಡು ವಾರ ಹೋಯಿತು. ಎರಡನೇ ಸಲ ಒತ್ತಡ ತೋರಿಸುವ ಮುಳ್ಳು 160ರಲ್ಲಿ ಅರ್ಧ ಗಂಟೆ ಅಲುಗಾಡದೆ ನಿಂತಿತು. ನಾನೂ ಅಲುಗಾಡದೆ ಅದನ್ನೇ ನೋಡುತ್ತಾ ಕೂತಿದ್ದೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಕೇಳಬೇಡ. ಐದು ಇಂಚು ಅಡ್ಡಳತೆಯ ಒಂದು ಫಲಕದ ಮೇಲೆ 80 ಪೌಂಡ್ ಒತ್ತಡ ಬಿದ್ದರೆ ಒಟ್ಟು 1570 ಪೌಂಡ್, ಅಂದರೆ 700 ಕೆ.ಜಿ.ಗಿಂತ ಜಾಸ್ತಿ. ಅಂಥದ್ದರ ಹಿಂದೆ ಒಂದು ಮೊಳ ದೂರದಲ್ಲಿ ನಾನು ಕೂತಿರುತ್ತೇನೆ.

ಬಾಯ್ಲರ್ ಬಿಟ್ಟರೆ ಕಾಡಿದ್ದು ಚಕ್ರಗಳು. ಒಂದು ಕಡೆಯ ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ತಳ್ಳಾಟ ಚಕ್ರಕ್ಕೆ ತಗಲುವ ಗೂಟ, ಮೇಲಿದ್ದರೆ ಇನ್ನೊಂದು ಕಡೆಯದ್ದು 90 ಡಿಗ್ರಿ ತಿರುಗಿರಬೇಕು, ಆಗಲೇ ಇಂಜಿನ್ ಎಲ್ಲಿ ನಿಂತರೂ ಮತ್ತೆ ಹೊರಡುತ್ತದೆ. ಅದಕ್ಕಿಂತ ಮುಖ್ಯ, ಎಲ್ಲ ಆಕ್ಸಲ್‌ಗಳಲ್ಲೂ ಆ ಕೋನ ಒಂದೇ ಆಗಿರಬೇಕು. ನನ್ನ ಮಧ್ಯದ ಆಕ್ಸಲ್‌ನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದಿತ್ತು. ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡ್ ಹಾಕಿ ತಿರುಗಿಸಿದರೆ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಹಿಡಿದುಕೊಳ್ಳುತ್ತಿತ್ತು. ರಾಡಿನ ತೂತನ್ನು ಸ್ವಲ್ಪ ದೊಡ್ಡದು ಮಾಡಿದರೆ ಆಗುತ್ತಿತ್ತು, ಎಷ್ಟೋ ಜನ ಹಾಗೇ ಮಾಡುತ್ತಾರೆ. ನನಗೆ ಮನಸ್ಸಾಗಲಿಲ್ಲ. ಚಕ್ರ ಕಿತ್ತು ಮತ್ತೆ ಕೂರಿಸಿದೆ.

ಈಗ ಭಾನುವಾರದ ಕಥೆ. ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲಿನ ಚೂರುಗಳನ್ನು ಫೈರ್‌ಬಾಕ್ಸಿಗೆ ಹಾಕಿ ಕಡ್ಡಿ ಗೀರಿದೆ. ಶುರುವಿನಲ್ಲಿ ಬೆಂಕಿಗೆ ಎಳೆತ ಇರುವುದಿಲ್ಲ, ಅದಕ್ಕೆ ಚಿಮಣಿಯ ಮೇಲೆ ಒಂದು ಪುಟ್ಟ ಫ್ಯಾನ್ ಇಟ್ಟು ಹೊಗೆಯನ್ನು ಮೇಲಕ್ಕೆ ಎಳೆಸಬೇಕು. ಮುಳ್ಳು 20 ದಾಟಿದ ಮೇಲೆ ಫ್ಯಾನ್ ತೆಗೆದು ಬ್ಲೋಯರ್ ತೆರೆದೆ, ಬಾಯ್ಲರಿನದ್ದೇ ಉಗಿ ಚಿಮಣಿಯಲ್ಲಿ ಸುಯ್ ಅಂತ ಏರಿತು. ಕಲ್ಲಿದ್ದಲು ಹಾಕಿದೆ. 80ಕ್ಕೆ ಸೇಫ್ಟಿ ವಾಲ್ವ್ ತೆರೆದುಕೊಂಡಿತು. ಬೆಂಕಿ ಹಚ್ಚಿ 25 ನಿಮಿಷ ಆಗಿತ್ತು.

ಸಿಲಿಂಡರಿಗೆ ಉಗಿ ಬಿಡುವ ಹಿಡಿಯಾದ ರೆಗ್ಯುಲೇಟರನ್ನು ಒಂದು ಚೂರು ಎಳೆದೆ. ತಣ್ಣಗಿದ್ದ ಸಿಲಿಂಡರಿನಿಂದ ಬಿಸಿನೀರು ಉಗುಳಿತು. ಒಂದು ಸಲ ಕುಲುಕಿತು. ಆಮೇಲೆ ಮೆಲ್ಲಗೆ ಹೊರಟಿತು.

ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಸುಮ್ನೆ ಹೊರಗೆ ಬಿಡುವುದಿಲ್ಲ. ಚಿಮಣಿಯ ಬುಡದಲ್ಲಿ ಒಂದು ಸಣ್ಣ ಮೂತಿಯಿಂದ ಮೇಲಕ್ಕೆ ಚಿಮ್ಮಿಸುತ್ತೇವೆ. ಅದು ಚಿಮ್ಮುವಾಗ ತನ್ನ ಜೊತೆ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ, ಆ ಎಳೆತಕ್ಕೆ ಬೆಂಕಿಯ ಕೆಳಗಿಂದ ಹೊಸ ಗಾಳಿ ನುಗ್ಗುತ್ತದೆ. 1829ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ರೈಲು ಇಂಜಿನ್ನುಗಳ ರೇನ್‌ಹಿಲ್ ಪಂದ್ಯದಲ್ಲಿ ಗೆದ್ದ ಸ್ಟೀಫನ್ಸನ್ ಅವರ ರಾಕೆಟ್ ಇಂಜಿನ್ನಿನಲ್ಲೂ ಇದೇ ಏರ್ಪಾಡು, ಜೊತೆಗೆ ಬಾಯ್ಲರಿನೊಳಗೆ 25 ತಾಮ್ರದ ಕೊಳವೆ. ಹೆಚ್ಚು ಭಾರ ಎಳೆದರೆ ಹೆಚ್ಚು ಉಗಿ ಹೋಗುತ್ತದೆ, ಹೆಚ್ಚು ಉಗಿ ಹೋದರೆ ಬೆಂಕಿ ಹೆಚ್ಚು ಉರಿಯುತ್ತದೆ, ಬೆಂಕಿ ಉರಿದಷ್ಟೂ ಉಗಿ ಹುಟ್ಟುತ್ತದೆ. ಯಾರೂ ಹೇಳಿಕೊಡಬೇಕಿಲ್ಲ. ನಾನು ಹಿಂದಿನ ಟ್ರಾಲಿಯಲ್ಲಿ ಕೂತು ಏರು ಹಳಿಗೆ ಬಂದಾಗ ಫೈರ್‌ಬಾಕ್ಸಿನ ಪುಟ್ಟ ಬಾಗಿಲು ತೆರೆದು ನೋಡಿದೆ. ಪ್ರತಿ ಛಕ್‌ಗೂ ಕೆಂಡ ಒಂದು ಸಲ ಬೆಳ್ಳಗಾಗಿ ಮತ್ತೆ ಕೆಂಪಾಗುತ್ತಿತ್ತು. ಛಕ್ ಛಕ್ ಛಕ್ ಛಕ್, ಚಕ್ರದ ಒಂದು ಸುತ್ತಿಗೆ ನಾಲ್ಕು. ಉಸಿರಾಡುತ್ತಿತ್ತು ಕಣೋ ಅದು. ನಾನು ಕಬ್ಬಿಣ ತಾಮ್ರ ಕೊರೆದು ಕೂಡಿಸಿದ ಡಬ್ಬಿ, ತನ್ನ ಬೆಂಕಿಯನ್ನು ತಾನೇ ಊದಿಕೊಳ್ಳುತ್ತಾ ನನ್ನನ್ನು ಹೊತ್ತು ಏರು ಹತ್ತುತ್ತಿತ್ತು. ಒಳಗೆ ಮೋಟಾರ್ ಇಟ್ಟಿದ್ದರೂ ಚಕ್ರ ತಿರುಗುತ್ತಿತ್ತು, ನೀನು ಹೇಳಿದ್ದು ನಿಜ. ಇದು ಆಗುತ್ತಿರಲಿಲ್ಲ.

ಅಷ್ಟು ಸಣ್ಣದು ಮನುಷ್ಯರನ್ನು ಹೇಗೆ ಎಳೆಯುತ್ತದೆ ಅಂತ ನಿನಗೆ ಅನುಮಾನ ಇರಬಹುದು. ಇಂಜಿನ್ ಸುಮಾರು 50 ಕೆ.ಜಿ. ಹಳಿ ಒಣಗಿದ್ದರೆ ಚಕ್ರ ಜಾರದೆ ತನ್ನ ತೂಕದ ಕಾಲು ಭಾಗದಷ್ಟು ಎಳೆಯಬಲ್ಲದು, ಅಂದರೆ 12 ಕೆ.ಜಿ. ಬಲ. ಸಮತಟ್ಟಾದ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳಲು ತೂಕದ ನೂರರಲ್ಲಿ ಒಂದೆರಡು ಪಾಲು ಬಲ ಸಾಕು. ನಾವು ನಾಲ್ಕೈದು ಜನ ಕೂತರೂ ಅದಕ್ಕೆ ಕಷ್ಟವಿಲ್ಲ.

ಎರಡನೇ ಸುತ್ತಿಗೆ ನನ್ನ ಎದೆ ಒಂದು ಸಲ ಹೊಡೆದುಕೊಂಡಿತು. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರು ಕಣ್ಣೆದುರೇ ಇಳಿಯುತ್ತಿತ್ತು. ಫೈರ್‌ಬಾಕ್ಸಿನ ಚಾವಣಿಯ ಮೇಲೆ ಯಾವಾಗಲೂ ನೀರು ಇರಲೇಬೇಕು, ಇಲ್ಲದಿದ್ದರೆ ತಾಮ್ರ ಕಾದು ಮೆತ್ತಗಾಗಿ ಒತ್ತಡಕ್ಕೆ ಕುಸಿಯುತ್ತದೆ. ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರ್ ತೆರೆದೆ, ಹಿಡಿಯಲಿಲ್ಲ. ಈ ಇಂಜೆಕ್ಟರ್ ಅನ್ನೋದು 1858ರಲ್ಲಿ ಫ್ರಾನ್ಸಿನ ಆಂರಿ ಜಿಫಾರ್ ಕಂಡುಹಿಡಿದದ್ದು. ಬಾಯ್ಲರಿನದ್ದೇ ಉಗಿ ಹೊರಗೆ ಬಂದು, ತಣ್ಣೀರನ್ನು ಹಿಡಿದುಕೊಂಡು, ಅದೇ ಒತ್ತಡದ ವಿರುದ್ಧ ಅದೇ ಬಾಯ್ಲರಿನೊಳಗೆ ತಳ್ಳುತ್ತದೆ. ಕೇಳಿದರೆ ಸುಳ್ಳು ಅನ್ನಿಸುತ್ತದೆ. ಉಗಿ ಸಣ್ಣ ಮೂತಿಯಲ್ಲಿ ಭಾರಿ ವೇಗ ಪಡೆಯುತ್ತದೆ, ತಣ್ಣೀರು ಮುಟ್ಟಿದ ಕೂಡಲೇ ನೀರಾಗಿ ಆ ವೇಗವನ್ನೆಲ್ಲ ನೀರಿಗೆ ಕೊಡುತ್ತದೆ, ಮುಂದಿನ ಅಗಲದ ಜಾಗದಲ್ಲಿ ನೀರಿನ ವೇಗ ಇಳಿದು ಒತ್ತಡವಾಗಿ ಬದಲಾಗುತ್ತದೆ. ಆದರೆ ಟ್ಯಾಂಕಿನ ನೀರು ಬಿಸಿಯಾಗಿದ್ದರೆ ಉಗಿ ಪೂರ್ತಿ ನೀರಾಗುವುದಿಲ್ಲ. ನನ್ನ ಟ್ಯಾಂಕ್ ಬಾಯ್ಲರಿನ ಪಕ್ಕದಲ್ಲೇ ಇದೆ, ಮುಟ್ಟಿದರೆ ಬೆಚ್ಚಗಿತ್ತು. ಕೈ ಪಂಪಿನಿಂದ ಗ್ಲಾಸಿನಲ್ಲಿ ಅರ್ಧ ಬರುವವರೆಗೆ ಒತ್ತಿ, ಟ್ಯಾಂಕಿಗೆ ಒಂದು ಬಾಟಲಿ ತಣ್ಣೀರು ಸುರಿದು ಮತ್ತೆ ತೆರೆದೆ. ಚಿರ್ ಅಂತ ಒಂದು ಸಣ್ಣ ಹಾಡು ಶುರುವಾಯಿತು. ಹಿಡಿದಿದೆ ಅನ್ನೋದಕ್ಕೆ ಅದೇ ಗುರುತು.

ಇನ್ನೂ ಕೆಲಸ ಉಳಿದಿದೆ. ನಾಲ್ಕು ಛಕ್‌ಗಳಲ್ಲಿ ಮೂರನೆಯದು ಸ್ವಲ್ಪ ಗಟ್ಟಿ ಕೇಳುತ್ತದೆ, ವಾಲ್ವ್ ಒಂದು ಕೂದಲೆಳೆ ಮುಂದಿದೆ ಅಂತ ಅರ್ಥ, ನಟ್ ಅರ್ಧ ಸುತ್ತು ತಿರುಗಿಸಿ ನೋಡಬೇಕು. ಎಡಗಡೆ ಪಿಸ್ಟನ್ ರಾಡಿನ ಸುತ್ತ ಉಗಿ ತಡೆಯುವ ಗ್ಲಾಂಡಿನಿಂದ ಉಗಿ ಸೋರುತ್ತಿದೆ, ಪ್ಯಾಕಿಂಗ್ ಬದಲಿಸಬೇಕು. ಬಣ್ಣ ಇನ್ನೂ ಹೊಡೆದಿಲ್ಲ, ನೀನು ಬಂದ ಮೇಲೆ ಇಬ್ಬರೂ ಸೇರಿ ಯಾವ ಹಸಿರು ಅಂತ ನೋಡೋಣ.

ಬರುವಾಗ ಹತ್ತಿ ಬಟ್ಟೆ ಹಾಕಿಕೊಂಡು ಬಾ, ಕಿಡಿ ಹಾರುತ್ತದೆ. ಕನ್ನಡಕ ಮರೆಯಬೇಡ. ಇನ್ನೊಂದು ಗಟ್ಟಿ ಮರದ ತುಂಡು ಇದ್ದರೆ ತಗೊಂಡು ಬಾ, ಒಂದು ಅಡಿ ಉದ್ದ ಸಾಕು.

ನಿನ್ನ ಗೆಳೆಯ